ಮರಳಿ ಹಿಮದ ಇಳಿಜಾರಿಗೆ

ಯೌವನದಲ್ಲಿ ಸ್ಕೀ ಹಲಗೆ ಕಟ್ಟಿ ಹಿಮದ ಮೇಲೆ ಜಾರಿದವರು, ಸಂಸಾರದ ಹೊಣೆ ಹೊತ್ತ ಮೇಲೆ ಹತ್ತಿಪ್ಪತ್ತು ವರ್ಷ ಅತ್ತ ಸುಳಿಯದೆ, ಮಕ್ಕಳು ಬೆಳೆದ ಬಳಿಕ ಅವರೊಡನೆ ಕಾಶ್ಮೀರದ ಗುಲ್ಮರ್ಗಕ್ಕೆ ಮರಳುವುದುಂಟು. ಅಂಥ ಗೃಹಸ್ಥರಿಗೂ ಗೃಹಿಣಿಯರಿಗೂ ಈ ತಿಂಗಳು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ದೇಹವು ಒಮ್ಮೆ ಕಲಿತ ವಿದ್ಯೆಯನ್ನು ಸುಲಭವಾಗಿ ಮರೆಯದು. ತಿರುವಿನ ಹದವು ಕಾಲಿಗೆ ಬಲು ಬೇಗನೆ ನೆನಪಾಗುತ್ತದೆ. ಅಪಾಯವಿರುವುದೂ ಅಲ್ಲಿಯೇ. ನೆನಪಿಗೆ ಮುಪ್ಪಿಲ್ಲ, ತೊಡೆ ಮೊಣಕಾಲುಗಳಿಗಾದರೋ ಉಂಟು.

ಗುಲ್ಮರ್ಗವಿರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಯ ಗೊಂಡೋಲಾ ಎಂಬ ತೂಗುಗಾಡಿಯ ಮೊದಲ ಹಂತವು 1998ರಲ್ಲಿಯೂ, ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುವ ಎರಡನೆಯ ಹಂತವು 2005ರಲ್ಲಿಯೂ ಆರಂಭವಾದುವು. ಕೆಲವೇ ನಿಮಿಷಗಳಲ್ಲಿ ಮೇಲೇರಬಹುದೆಂದು ಮೊದಲ ದಿನವೇ ಅತ್ತ ಹೊರಡಲಾಗದು. ಮೇಲಿನ ಹಿಮವು ಹದಮಾಡಿದ್ದಲ್ಲ; ಹಿಮಕುಸಿತದ ಭಯವೂ ಉಂಟು. ಕೆಳಗಿನ ಹುಲ್ಲುಗಾವಲಿನ ಮೆಲ್ಲನೆಯ ಇಳಿಜಾರಿನಲ್ಲಿ, ಮಕ್ಕಳು ಕಲಿಯುವೆಡೆಯಲ್ಲಿಯೇ, ಹಿರಿಯರೂ ಮೊದಲ ದಿನವನ್ನು ಕಳೆಯತಕ್ಕದ್ದು.

ಇನ್ನು ಸಲಕರಣೆಯ ವಿಚಾರ. ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬೂಟಿನ ಪ್ಲಾಸ್ಟಿಕ್ ಕವಚವು ನೋಡಲು ಗಟ್ಟಿಯಾಗಿದ್ದರೂ ಚಳಿಯಲ್ಲಿ ಒಮ್ಮೆಗೇ ಬಿರಿಯಬಹುದು. ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್ ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳಬೇಕು. ಅದರ ಬಿಗುವನ್ನು ತೂಕ, ಎತ್ತರ, ಬೂಟಿನ ಅಟ್ಟೆಯ ಉದ್ದ, ವಯಸ್ಸು, ನೈಪುಣ್ಯ ಇವನ್ನೆಲ್ಲ ನೋಡಿ ಗೊತ್ತುಮಾಡುತ್ತಾರೆ. 50 ವರ್ಷಕ್ಕೆ ಮೇಲ್ಪಟ್ಟವರಿಗೆ ಒಂದು ಮೆಟ್ಟಿಲು ಸಡಿಲಿಸುವುದು ಪದ್ಧತಿ. ಬಾಡಿಗೆಯ ಅಂಗಡಿಯಲ್ಲಿ ಮಕ್ಕಳೆದುರಿಗೆ ವಯಸ್ಸನ್ನು ಇಳಿಸಿ ನೈಪುಣ್ಯವನ್ನು ಏರಿಸಿ ಹೇಳಿದರೆ ಕಟ್ಟು ಬಿಗಿಯಾಗಿ, ಬಿದ್ದ ತಿರುಚು ಕಾಲೆಲುಬಿಗೇ ತಟ್ಟುತ್ತದೆ. ಮಾನ ಕಾಯಲು ಆಡಿದ ಸುಳ್ಳು ಇಷ್ಟು ದುಬಾರಿಯಾಗಬಾರದಷ್ಟೆ.

ಹಿಂದಿನಿಂದ ಬರುವವರೇ ಮುಂದಿರುವವರಿಗೆ ಅಪಾಯವಾಗದಂತೆ ಸಾಗತಕ್ಕದ್ದೆಂಬುದು ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯ ನಿಯಮ. ತಾಯಿತಂದೆಗಳು ಮಗುವಿನ ಹಿಂದೆ, ತಕ್ಕಷ್ಟು ಅಂತರವಿಟ್ಟು ಇಳಿದರೆ ನಿಯಮವೂ ನಡೆಯಿತು, ಕಾವಲೂ ಆಯಿತು. ಸಂಜೆ ಕಾಲು ಸೋತಾಗ "ಇನ್ನೊಂದೇ ಸಲ" ಎನ್ನುವ ಆಸೆಯನ್ನು ಹಿರಿಯರೇ ಮೊದಲು ತಡೆಯಬೇಕು.

ಮಗುವಿನ ಪಕ್ಕದಲ್ಲಿ ನಿಂತು ಶಿಕ್ಷಕನಿಂದ ಮತ್ತೆ ಪಾಠ ಹೇಳಿಸಿಕೊಳ್ಳುವುದರಲ್ಲಿ ಕುಂದೇನೂ ಇಲ್ಲ. ಅಪ್ಪ ಬಿದ್ದು, ಹಿಮ ಕೊಡವಿ, ನಗುತ್ತ ಎದ್ದುದನ್ನು ಕಂಡ ಮಗುವಿಗೆ ತಾನು ಬೀಳುವ ಅಂಜಿಕೆ ಅರ್ಧ ಕಳೆಯುತ್ತದೆ. ಹಿಮದ ಮೇಲೆ ಮಕ್ಕಳಿಗೆ ಕೊಡಬಹುದಾದ ಮೊದಲ ಪಾಠ ಇದೇ ಎಂದು ನಾವು ಭಾವಿಸುತ್ತೇವೆ.