ಮನೆ ಕಾಯಲು ಜೋಡು ನಳಿಗೆ ಕೋವಿಯೇ ಸಾಕು

ಗಡಿ ಭಾಗದ ಒಂಟಿ ಮನೆಗಳಲ್ಲಿ ಕೋವಿಯ ಮಾತು ಮತ್ತೆ ಎದ್ದಿದೆ. ಮಕ್ಕಳು ಬೆಂಗಳೂರು, ಗಲ್ಫ್ ಅಂತ ಹೋದರು. ತೋಟದ ನಡುವಿನ ಮನೆಯಲ್ಲಿ ಉಳಿದವರು ಅರುವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ಅಂಗಳದಲ್ಲಿ ಅಡಿಕೆ, ಅಟ್ಟದಲ್ಲಿ ಕರಿಮೆಣಸು, ಕಪಾಟಿನಲ್ಲಿ ನಾಲ್ಕು ಪವನು ಚಿನ್ನ. ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಸಂತೆಯ ಹಣ ಮನೆಗೆ ತಂದಿಡುವ ವ್ಯಾಪಾರಿಯ ಭಯವೂ ಇದೇ. ನಮ್ಮ ಕಾಸರಗೋಡಿನ ಕಡೆ ಬೆಡಿ ಅನ್ನಿ, ಕೋವಿ ಅನ್ನಿ, ಜತ್ತ-ಅಕ್ಕಲಕೋಟೆಯವರು ಬಂದೂಕು ಅನ್ನಲಿ, ಕೇಳುವ ಪ್ರಶ್ನೆ ಮಾತ್ರ ಒಂದೇ: "ಮೊಬೈಲಿನಲ್ಲಿ ತೋರಿಸ್ತಾರಲ್ಲ, ಟರ್ಕಿಯ ಅಗ್ಗದ ಸೆಮಿ ಆಟೋಮ್ಯಾಟಿಕ್, ಒಂದರ ಹಿಂದೊಂದು ಐದು ಈಡು ಹಾರ್ತದೆ. ಅಂಥದ್ದು ನಮಗೆ ಯಾಕಾಗಬಾರದು?"

ಆಗಬಾರದು ಅಂತಲೇ ನನ್ನ ಅಭಿಪ್ರಾಯ. ಲೈಸನ್ಸು ಇರುವ ಕೃಷಿಕನಾಗಿ, ಹಲವು ಮಳೆಗಾಲ ಜೋಡು ನಳಿಗೆ ಕೋವಿಯನ್ನು ಒರಸಿ ಎಣ್ಣೆ ಹಾಕಿ ಇಟ್ಟವನಾಗಿ ಈ ಮಾತು ಹೇಳುತ್ತಿದ್ದೇನೆ.

ಮೊದಲು ಕಾನೂನು ನೋಡೋಣ. 1962ರ ಶಸ್ತ್ರ ನಿಯಮಗಳಲ್ಲೂ, ಅದರ ಬದಲಿಗೆ ಬಂದ 2016ರ ನಿಯಮಗಳಲ್ಲೂ ಮೊದಲನೇ ಅನುಸೂಚಿ ಅಂತ ಒಂದು ಪಟ್ಟಿ ಇದೆ. ಪಿಸ್ತೂಲಿನಂಥವನ್ನು ಬಿಟ್ಟು ಉಳಿದ ಸೆಮಿ ಆಟೋಮ್ಯಾಟಿಕ್ ಕೋವಿಗಳು ಅದರ ಮೊದಲನೇ ವರ್ಗದಲ್ಲಿ, ಅಂದರೆ ನಿಷೇಧಿತ ಆಯುಧಗಳ ಸಾಲಿನಲ್ಲಿ ಬರುತ್ತವೆ. ನಳಿಗೆಯ ಉದ್ದ 20 ಇಂಚಿಗಿಂತ ಕಡಿಮೆ ಇರುವ ಚರೆ ಕೋವಿಯೂ ಅದೇ ಸಾಲು. ಅಂಥವಕ್ಕೆ ಜಿಲ್ಲಾಧಿಕಾರಿ ಲೈಸನ್ಸು ಕೊಡಲಾರರು, ಅದು ದಿಲ್ಲಿಯ ಗೃಹ ಸಚಿವಾಲಯದ ಅಧಿಕಾರ. 2019ರ ತಿದ್ದುಪಡಿಯ ನಂತರ ನಿಷೇಧಿತ ಆಯುಧವನ್ನು ಲೈಸನ್ಸಿಲ್ಲದೆ ಇಟ್ಟುಕೊಂಡರೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು. ಸಾಮಾನ್ಯ ಲೈಸನ್ಸುದಾರ ವಿದೇಶದಿಂದ ಕೋವಿ ತರಿಸುವ ದಾರಿಯೂ 1980ರ ದಶಕದಲ್ಲೇ ಮುಚ್ಚಿದೆ. ಹಾಗಾಗಿ "ನಮ್ಮವರೊಬ್ಬರಿದ್ದಾರೆ, ತರಿಸಿ ಕೊಡ್ತಾರೆ" ಅಂತ ಯಾರಾದರೂ ಪಿಸುಗುಟ್ಟಿದರೆ ಆ ಮಾತು ಅಂಗಳದಲ್ಲೇ ನಿಲ್ಲಲಿ. ಕಳ್ಳನಿಂದ ಮನೆ ಉಳಿಸಲು ಹೋಗಿ ಮನೆಯ ಯಜಮಾನನೇ ಜೈಲಿಗೆ ಹೋದರೆ ಏನು ಬಂತು?

ಕಾನೂನು ಪಕ್ಕಕ್ಕಿರಲಿ, ಯಂತ್ರವನ್ನೇ ನೋಡೋಣ. ಸೆಮಿ ಆಟೋಮ್ಯಾಟಿಕ್ ಚರೆ ಕೋವಿ ಹೊಸದೇನಲ್ಲ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಕೋವಿಯನ್ನು ಬೆಲ್ಜಿಯಮ್ಮಿನ ಕಾರ್ಖಾನೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮಾಡಿತ್ತು. ಈಗಿನ ಅಗ್ಗದ ಮಾಲು ಹೆಚ್ಚಾಗಿ ಟರ್ಕಿಯದು. ಅಲ್ಲಿನ ಕೊನ್ಯಾ ಪ್ರಾಂತ್ಯದ ಹುಗ್ಲು, ಉಝುಮ್ಲು ಊರುಗಳಿಗೆ ಕೋವಿ ಮಾಡುವುದೇ ಕಸುಬು. ಅಲ್ಲಿ ಒಳ್ಳೆಯ ಕೋವಿಯೂ ಆಗುತ್ತದೆ, ದರಕ್ಕೆ ತಕ್ಕ ಕೋವಿಯೂ ಆಗುತ್ತದೆ.

ಇಂಥ ಕೋವಿ ಕೆಲಸ ಮಾಡುವುದು ಎರಡು ಬಗೆಯಲ್ಲಿ. ಒಂದರಲ್ಲಿ, ಈಡು ಹಾರಿದಾಗ ಹುಟ್ಟುವ ಹೊಗೆಯ ಒತ್ತಡದ ಒಂದು ಪಾಲು ನಳಿಗೆಯ ಸಣ್ಣ ತೂತುಗಳಿಂದ ಹೊರಬಂದು ಪಿಸ್ಟನ್ ತಳ್ಳುತ್ತದೆ. ಅದು ಖಾಲಿ ತೋಟೆಯನ್ನು ಎಸೆದು ಹೊಸದನ್ನು ಏರಿಸುತ್ತದೆ. ಇನ್ನೊಂದರಲ್ಲಿ ಕೋವಿ ಹೆಗಲಿಗೆ ಒದೆಯುವ ಒದೆತವೇ ಸ್ಪ್ರಿಂಗಿನ ಮೂಲಕ ಆ ಕೆಲಸ ಮಾಡುತ್ತದೆ. ಎರಡಕ್ಕೂ ಒಂದೇ ಷರತ್ತು: ಪ್ರತಿ ತೋಟೆಯೂ ಸಾಕಷ್ಟು ಬಲದಿಂದ ಹಾರಬೇಕು. ಮದ್ದು ಕಡಿಮೆ ಇರುವ ಹಗುರ ತೋಟೆ ಹಾಕಿದರೆ ಕೋವಿ ಅರ್ಧಕ್ಕೆ ನಿಲ್ಲುತ್ತದೆ. ಪಿಸ್ಟನ್ನಿನ ಜಾಗದಲ್ಲಿ ಮಸಿ ಕಟ್ಟಿದರೂ ನಿಲ್ಲುತ್ತದೆ. ಒದೆತದಿಂದ ನಡೆಯುವ ಕೋವಿಯನ್ನು ಹೆಗಲಿಗೆ ಭದ್ರವಾಗಿ ಒತ್ತಿ ಹಿಡಿಯದೆ ಸೊಂಟದ ಹತ್ತಿರ ಸಡಿಲವಾಗಿ ಹಿಡಿದರೂ ಕೈಕೊಡಬಹುದು. ನಡುರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಬಂದ ಮುದುಕ ಹೇಗೆ ಹಿಡಿದಾನು, ನೀವೇ ಹೇಳಿ.

ಅಗ್ಗದ ಕೋವಿಯಲ್ಲಿ ಇದಕ್ಕೆ ಇನ್ನಷ್ಟು ಸೇರುತ್ತದೆ. ತೋಟೆ ಕೂರುವ ಮನೆಯ ಒಳಮೈ ಒರಟಾಗಿದ್ದರೆ ಖಾಲಿ ತೋಟೆ ಕಚ್ಚಿಕೊಳ್ಳುತ್ತದೆ. ಅದನ್ನು ಎಳೆಯುವ ಕೊಕ್ಕೆ ಮೆದು ಉಕ್ಕಿನದಾದರೆ ಬೇಗ ಸವೆಯುತ್ತದೆ. ಹೊಸ ಕೋವಿಯನ್ನು ಪಳಗಿಸಲು ಮೊದಲು ನೂರರಷ್ಟು ಭಾರದ ತೋಟೆ ಹೊಡೆಯಿರಿ ಎಂದು ಬಲ್ಲವರು ಹೇಳುವುದು ಇದಕ್ಕೇ. ವಾರಾವಾರ ಗುರಿ ಅಭ್ಯಾಸ ಮಾಡುವ ದೇಶದಲ್ಲಿ ಇದು ನಡೆಯುವ ಮಾತು. ನಮ್ಮ ಲೈಸನ್ಸಿನಲ್ಲಿ ತೋಟೆಯ ಲೆಕ್ಕ ಬರೆದಿರುತ್ತದೆ, ತೋಟೆಯ ಬೆಲೆಯೂ ಕಮ್ಮಿಯಲ್ಲ. ವರ್ಷಕ್ಕೆ ಐದಾರು ಈಡು ಹೊಡೆದರೆ ಹೆಚ್ಚು. ಅಂಥ ಕೈಯಲ್ಲಿ ಅಗ್ಗದ ಸೆಮಿ ಆಟೋಮ್ಯಾಟಿಕ್ ಪಳಗುವುದೂ ಇಲ್ಲ, ಅದರ ದೋಷ ಗೊತ್ತಾಗುವುದೂ ಇಲ್ಲ. ಗೊತ್ತಾಗುವುದು ಬೇಕಾದ ಆ ಒಂದು ರಾತ್ರಿಯೇ.

ಈಗ ನಮ್ಮ ಹಳೆಯ ಜೋಡು ನಳಿಗೆಯನ್ನು ನೋಡಿ. ಎರಡು ನಳಿಗೆ, ಎರಡು ಸ್ಪ್ರಿಂಗು, ಎರಡು ಪಿನ್ನು, ಹೆಚ್ಚಿನವುಗಳಲ್ಲಿ ಎರಡು ಟ್ರಿಗರು. ಅದು ಒಂದು ಹಿಡಿಗೆ ಕಟ್ಟಿದ ಎರಡು ಕೋವಿ ಅಂದರೆ ತಪ್ಪಲ್ಲ. ಬಲದ ತೋಟೆ ಠುಸ್ ಅಂದರೆ ಬೆರಳು ಹಿಂದಿನ ಟ್ರಿಗರಿಗೆ ಹೋಗುತ್ತದೆ, ಎಡದ್ದು ಹಾರುತ್ತದೆ. ಹಗುರ ತೋಟೆಯೋ ಭಾರದ್ದೋ, ಅದಕ್ಕೆ ಲೆಕ್ಕವಿಲ್ಲ. ಯಾಕೆಂದರೆ ತೋಟೆಯ ಬಲದಿಂದ ಅದು ಯಾವ ಕೆಲಸವನ್ನೂ ಮಾಡಿಸಿಕೊಳ್ಳುವುದಿಲ್ಲ. ಮುರಿದು ತೆರೆದರೆ ತುಂಬಿದೆಯೋ ಖಾಲಿಯೋ ಕಣ್ಣಿಗೇ ಕಾಣುತ್ತದೆ. ಮೊಮ್ಮಕ್ಕಳು ಓಡಾಡುವ ಮನೆಗೆ ಇದು ಸಣ್ಣ ಸಂಗತಿಯಲ್ಲ.

ಎರಡೇ ಈಡು ಸಾಕಾ ಅಂತ ಕೇಳುವವರಿದ್ದಾರೆ. ಅವರಿಗೆ ಕೈಯಿಂದ ಎಳೆದು ತಳ್ಳುವ ಪಂಪ್ ಕೋವಿ ಇದೆ. ತಮಿಳುನಾಡಿನ ತಿರುಚಿರಾಪಳ್ಳಿಯ ಸರಕಾರಿ ಕಾರ್ಖಾನೆಯೇ 12 ಬೋರಿನದನ್ನು ತಯಾರಿಸಿದೆ. ಠುಸ್ಸಾದ ತೋಟೆಯನ್ನು ಕೈಯಿಂದಲೇ ಎಳೆದು ಹೊರಹಾಕಬಹುದು ಎಂಬುದು ಅದರ ಗುಣ. ಗಾಬರಿಯಲ್ಲಿ ಅರ್ಧ ಮಾತ್ರ ಎಳೆದರೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಅವಗುಣ. ಅಭ್ಯಾಸ ಇರುವವರಿಗೆ ಸರಿ. ಅಭ್ಯಾಸ ಇಲ್ಲದವರಿಗೆ ಜೋಡು ನಳಿಗೆಯೇ ಲೇಸು.

ಹಾಗಂತ ಹಳೆಯದೆಲ್ಲ ಚಿನ್ನವಲ್ಲ. ಸೆಕೆಂಡ್ ಹ್ಯಾಂಡ್ ಕೋವಿ ಕೊಳ್ಳುವವರು ನಾಲ್ಕು ಸಂಗತಿ ನೋಡಬೇಕು. ಖಾಲಿ ಎಂದು ಖಚಿತ ಮಾಡಿಕೊಂಡು, ಮುಂದಿನ ಮರದ ಹಿಡಿ ಕಳಚಿ, ಮುಚ್ಚಿದ ಕೋವಿಯನ್ನು ಅಲ್ಲಾಡಿಸಿ. ಕಟಕಟ ಅಂದರೆ ಕೀಲು ಸವೆದಿದೆ. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಒಳಗೆ ತುಕ್ಕಿನ ಕುಳಿ, ಹೊರಗೆ ತಗ್ಗು ಇದ್ದರೆ ಬೇಡ. ಹಿಡಿಯ ಮರ ಲೋಹಕ್ಕೆ ಸೇರುವಲ್ಲಿ ಬಿರುಕು ಇದೆಯಾ ನೋಡಿ. ನಾಲ್ಕನೆಯದು ತೋಟೆಯ ಮನೆಯ ಉದ್ದ. ಹಳೆಯ ಎಷ್ಟೋ ಕೋವಿಗಳದು 65 ಮಿಲಿಮೀಟರು, ಈಗಿನ ತೋಟೆಗಳಲ್ಲಿ 70 ಮಿಲಿಮೀಟರಿನವೂ ಬರುತ್ತವೆ. 70ರ ತೋಟೆ 65ರ ಮನೆಯಲ್ಲಿ ಕೂರುತ್ತದೆ. ಆದರೆ ಹಾರುವಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ, ಹಳೆಯ ನಳಿಗೆ ಅದನ್ನು ತಾಳದೇ ಹೋಗಬಹುದು. ಅಜ್ಜನ ಕಾಲದ ಕೋವಿ ಅಟ್ಟದಿಂದ ಇಳಿಸಿದವರು ಇದನ್ನು ಮರೆಯಬಾರದು. ಅಳೆದು ಹೇಳಲು ಲೈಸನ್ಸು ಇರುವ ಕೋವಿ ಅಂಗಡಿಯವರೇ ಬೇಕು.

ನಂಬಿಕೆಯ ಅರ್ಧ ಪಾಲು ತೋಟೆಯದು. ನಮ್ಮಲ್ಲಿ ಬಹುತೇಕ ಸಿಗುವುದು ಪುಣೆಯ ಖಡಕಿ ಕಾರ್ಖಾನೆಯ ಶಕ್ತಿಮಾನ್. ತೋಟೆ ಒಳ್ಳೆಯದೇ, ಇಡುವ ಜಾಗ ಒಳ್ಳೆಯದಿರಬೇಕು. ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಮದ್ದು ಬಿಟ್ಟೀತೇ? ಗಾಳಿಯಾಡದ ಡಬ್ಬಿಯಲ್ಲಿ, ಒಲೆಯ ಅಟ್ಟದಿಂದ ದೂರ, ಬೀಗದೊಳಗೆ ಇಡಿ. ಬುಡ ಹಸಿರುಗಟ್ಟಿದ, ಮೈ ಉಬ್ಬಿದ ತೋಟೆಯನ್ನು ಕೋವಿಗೆ ತುರುಕಬೇಡಿ, ಅಂಗಡಿಗೆ ತೋರಿಸಿ. ಡಬ್ಬಿಯ ಮೇಲೆ ಕೊಂಡ ವರ್ಷ ಬರೆದಿಡುವುದು ಖರ್ಚಿಲ್ಲದ ಕೆಲಸ.

ಇನ್ನು ನಮ್ಮ ಗಡಿಯ ಸಂಕಟ. ಮನೆ ಒಂದು ರಾಜ್ಯ, ತೋಟ ಇನ್ನೊಂದು ರಾಜ್ಯ ಎಂಬುವರು ಪೆರ್ಲದ ಕಡೆಯೂ ಇದ್ದಾರೆ, ತಾಳವಾಡಿಯಲ್ಲೂ ಜತ್ತದಲ್ಲೂ ಇದ್ದಾರೆ. ಲೈಸನ್ಸಿನಲ್ಲಿ ವ್ಯಾಪ್ತಿ ಎಂಬ ಒಂದು ಕಾಲಂ ಇದೆ. ಅಲ್ಲಿ ಜಿಲ್ಲೆ ಅಥವಾ ರಾಜ್ಯದ ಹೆಸರಷ್ಟೇ ಇದ್ದರೆ ಆ ಗೆರೆ ದಾಟಿ ಕೋವಿ ಒಯ್ಯುವುದು ಅಪರಾಧ. ನೂರು ಗಜ ಆಚೆ ನಮ್ಮದೇ ಪಂಪ್ ಶೆಡ್ಡು ಅಂದರೂ ಪೊಲೀಸರು ಕೇಳುವುದಿಲ್ಲ. ರಿಪೇರಿಗೂ ಇದೇ ಪಾಡು. ನಮ್ಮವರಿಗೆ ಹತ್ತಿರ ಮಂಗಳೂರು, ಆದರೆ ನಡುವೆ ತಲಪಾಡಿ ಗೇಟು. ಹೀಗಿರುವಾಗ ಕೈಕೊಡುವ ಯಂತ್ರ, ಬಿಡಿಭಾಗ ಸಿಗದ ಯಂತ್ರ ಗಡಿನಾಡಿನವರಿಗೆ ಎರಡು ಪಟ್ಟು ಭಾರ. ಜೋಡು ನಳಿಗೆಯ ಸ್ಪ್ರಿಂಗು, ಪಿನ್ನು ಬದಲಿಸಬಲ್ಲ ಕೈಗಳು ಇನ್ನೂ ಇವೆ.

ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಹೋಗುತ್ತದೆ. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಎಣಿಕೆ ಜೂನ್ 4ಕ್ಕೆ. ಲೆಕ್ಕ ಹಾಕಿದರೆ 80 ದಿನ. ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ತರಿಸಿಕೊಳ್ಳಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಬೇಕು ಎಂಬುದೇ ಅದರ ಸೂಚನೆ. ಒಂಟಿ ಮನೆಯವರು ಇದನ್ನು ತಿಳಿದು, ವಿನಾಯಿತಿಗೆ ಮೊದಲೇ ಅರ್ಜಿ ಕೊಡಬೇಕು.

ಕೊನೆಯದಾಗಿ, ಕೋವಿ ಎಷ್ಟೇ ನಂಬಿಕೆಯದಾದರೂ ಹೊಡೆಯುವ ಹಕ್ಕಿಗೆ ಮಿತಿ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿದೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎಂದೂ ಹೇಳಿದೆ. ಕತ್ತಲಾದ ಮೇಲೆ ಬಾಗಿಲು ಒಡೆದು ನುಗ್ಗುವವನ ಸಂಗತಿ ಬೇರೆ, ಅಡಿಕೆ ಮೂಟೆ ಹೊತ್ತು ಓಡುವವನ ಬೆನ್ನಿಗೆ ಹೊಡೆಯುವ ಸಂಗತಿ ಬೇರೆ. ಎರಡನೆಯದಕ್ಕೆ ಕೋರ್ಟಿನಲ್ಲಿ ಉತ್ತರವಿಲ್ಲ. ಅಂಗಳಕ್ಕೆ ಒಳ್ಳೆಯ ದೀಪ, ಬಾಗಿಲಿಗೆ ಒಳಗಿನ ಅಡ್ಡಗೋಲು, ಬೊಗಳುವ ನಾಯಿ, ಕೈಗೆಟಕುವಲ್ಲಿ ಫೋನು, ಬಾಯಿಪಾಠವಾಗಿ 112. ಇಷ್ಟೂ ಆದ ಮೇಲೆ ಕೋವಿಯ ಸರದಿ.

ಸರಕಾರದವರಲ್ಲೂ ಒಂದು ಬೇಡಿಕೆ ಇದೆ. 2016ರ ನಿಯಮ ಲೈಸನ್ಸು ಬೇಕಾದವರಿಗೆ ಕೋವಿ ಬಳಕೆಯ ತರಬೇತಿಯನ್ನು ಹೇಳುತ್ತದೆ. ಶುಲ್ಕ ಪಡೆದು ಜನರಿಗೆ ತರಬೇತಿ ಕೊಡುವ ತೀರ್ಮಾನವನ್ನು ಕೇರಳ ಪೊಲೀಸರು 2022ರಲ್ಲಿ ಮಾಡಿದರು. ಒಳ್ಳೆಯ ಕೆಲಸ. ಆ ಪಾಠ ಕಾಸರಗೋಡಿನಲ್ಲಿ ಕನ್ನಡದಲ್ಲೂ ನಡೆಯಲಿ, ತಾಳವಾಡಿ, ಹೊಸೂರು, ಜತ್ತ, ಆದೋನಿಗಳಲ್ಲೂ ಹಾಗೆಯೇ ಆಗಲಿ. ಸಂತೆಯಲ್ಲಿ ನಾವು ಎರಡು ಭಾಷೆಯಲ್ಲಿ ವ್ಯಾಪಾರ ಮಾಡುತ್ತೇವೆ ನಿಜ. ಆದರೆ "ಬೆರಳು ಟ್ರಿಗರಿನಿಂದ ಆಚೆ ಇಡು" ಎಂಬ ಮಾತು ಗಾಬರಿಯ ಹೊತ್ತಿನಲ್ಲಿ ನೆನಪಾಗಬೇಕಾದರೆ ಅದು ಮನೆಮಾತಿನಲ್ಲೇ ಕಿವಿಗೆ ಬಿದ್ದಿರಬೇಕು.