ಎರಡು ಹೊಳೆಗಳ ನಡುವಿನ ಹಳಿ



ಗದ್ವಾಲದಿಂದ ರಾಯಚೂರಿಗೆ ಇರುವ ರೈಲುಮಾರ್ಗವು ಸುಮಾರು 60 ಕಿಲೋಮೀಟರು. ದೇಶದ ರೈಲ್ವೆ ನಕ್ಷೆಯಲ್ಲಿ ಇದನ್ನು ಹುಡುಕಬೇಕಾದರೆ ನಮ್ಮಂಥವರು ಕನ್ನಡಕವನ್ನು ಒರೆಸಿಕೊಳ್ಳಬೇಕಾಗುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ಸೀಮೆಯಲ್ಲಿ ಈ ಎರಡು ಹೊಳೆಗಳಲ್ಲಿ ಒಂದನ್ನೂ ದಾಟುವ ಅಗತ್ಯವಿಲ್ಲದೆ ಸಾಗುವ ದಾರಿ ಇದು. ಇಂತಹ ನೆಲದಲ್ಲಿ ಹಳಿ ಹಾಸಿ ಮುಗಿಯುವುದಕ್ಕೆ 2013ನೆಯ ಇಸವಿಯೇ ಬರಬೇಕಾಯಿತು.

ರಾಯಚೂರಿಗೆ ರೈಲು ಹೊಸತೇನೂ ಅಲ್ಲ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯೂ ಮದರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಒಂದನ್ನೊಂದು ಕೂಡಿದ್ದು ರಾಯಚೂರಿನಲ್ಲಿಯೇ. ಆ ಕಂಪನಿಗಳಿಗೆ ಬೇಕಾಗಿದ್ದುದು ಕಡಲ ದಂಡೆಯ ಎರಡು ಮಹಾಪಟ್ಟಣಗಳ ನಡುವಣ ದಾರಿ. ನಡುವೆ ಇರುವ ಊರುಗಳು ಅವುಗಳ ಕಣ್ಣಿಗೆ ಬಿದ್ದುದು ಅಷ್ಟಕ್ಕಷ್ಟೇ. ಅದಕ್ಕಾಗಿಯೇ ಈ ಭಾಗದಲ್ಲಿ 'ರೋಡ್' ಎಂಬ ಬಾಲವುಳ್ಳ ನಿಲ್ದಾಣಗಳು ಹುಟ್ಟಿಕೊಂಡವು. ಯಾದಗಿರಿ ಸೀಮೆಯ ಸೈದಾಪುರದಲ್ಲಿ ಇಳಿದು 'ನಾರಾಯಣಪೇಟ ರೋಡ್' ಎಂಬ ಫಲಕವನ್ನು ಓದಿದವರು ನಮ್ಮ ಹಿರಿಯರಲ್ಲಿ ಅನೇಕರು. ಮಂತ್ರಾಲಯಂ ರೋಡಿನಲ್ಲಿ ಇಳಿದವರಿಗೂ ರಾಯರ ದರ್ಶನ ತಕ್ಷಣ ಆಗುವುದಿಲ್ಲ. ಹೆಸರಿನ ಮುಂದೆ 'ರೋಡ್' ಎಂದಿದ್ದರೆ ಊರು ಇನ್ನೂ ದೂರವಿದೆ, ಗಂಟುಮೂಟೆ ಹೊತ್ತುಕೊಳ್ಳಿರಿ ಎಂದೇ ಅರ್ಥ.

ಐಜದ ಕಡೆಯವರಿಗೆ ರಾಯಚೂರು ಪರಸ್ಥಳವಾದದ್ದು ಯಾವಾಗ? ಗದ್ವಾಲ ಮತ್ತು ಅಲಂಪುರ ತಾಲೂಕುಗಳು ಹೈದರಾಬಾದು ಸಂಸ್ಥಾನದ ಕಾಲದಲ್ಲಿ ರಾಯಚೂರು ಜಿಲ್ಲೆಗೇ ಸೇರಿದ್ದವು. ಜಮೀನಿನ ತಕರಾರಿಗೂ ರಾಯಚೂರು, ಹತ್ತಿಯ ವ್ಯಾಪಾರಕ್ಕೂ ರಾಯಚೂರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಈ ಎರಡು ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂದವು. ಕಾಗದಪತ್ರಗಳು ವರ್ಗವಾದವು, ಅಮಲ್ದಾರರು ವರ್ಗವಾದರು. ಬೀಗತನ ಮಾತ್ರ ಎಲ್ಲಿಗೂ ವರ್ಗವಾಗಲಿಲ್ಲ. ರಾಜೋಳಿಬಂಡಾದ ಕಾಲುವೆ ಇಂದಿಗೂ ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರೆಯ ನೀರನ್ನು ಎತ್ತಿಕೊಂಡು ಗಡಿ ದಾಟಿ ಈ ಕಡೆಯ ಹೊಲಗಳಿಗೆ ಬರುತ್ತದೆ. ಆದರೆ ರೈಲಿನಲ್ಲಿಯೇ ಹೋಗುತ್ತೇವೆಂದು ಹಟ ಹಿಡಿದವರು ಗದ್ವಾಲದಲ್ಲಿ ಹತ್ತಿ ಕರ್ನೂಲು, ದ್ರೋಣಾಚಲಂ, ಗುಂತಕಲ್ಲುಗಳನ್ನು ಸುತ್ತಿ ರಾಯಚೂರನ್ನು ಮುಟ್ಟಬೇಕಾಗಿತ್ತು. ಎದುರುಮನೆಗೆ ಹೋಗುವುದಕ್ಕೆ ಊರನ್ನೇ ಪ್ರದಕ್ಷಿಣೆ ಮಾಡಿದಂತೆ!

ಆ ಪ್ರದಕ್ಷಿಣೆ ತಪ್ಪಿದ್ದು 2013ರ ಅಕ್ಟೋಬರಿನಲ್ಲಿ. ಕಲಬುರ್ಗಿಯ ಲೋಕಸಭಾ ಸದಸ್ಯರಾದ ಮಲ್ಲಿಕಾರ್ಜುನ ಖರ್ಗೆಯವರು ಆಗ ರೈಲ್ವೆ ಮಂತ್ರಿಗಳು. ಜಿಲ್ಲೆ ಬೇರೆಯಾಗಿ 57 ವರ್ಷ ತುಂಬುವುದಕ್ಕೆ ಕೆಲವೇ ದಿನಗಳಿದ್ದವು. ಹತ್ತು ವರ್ಷಗಳ ತರುವಾಯ, 2023ರ ಅಕ್ಟೋಬರ್ 1ರಂದು, ಕೃಷ್ಣೆಯ ಆಚೆಯ ದಡದಲ್ಲಿ ಜಕ್ಲೇರಿನಿಂದ ಕೃಷ್ಣಾ ನಿಲ್ದಾಣದವರೆಗಿನ 37 ಕಿಲೋಮೀಟರ್ ಮಾರ್ಗವೂ ಉದ್ಘಾಟನೆಗೊಂಡು, ಕಾಚಿಗುಡದಿಂದ ಮಕ್ತಲ ಸೀಮೆಯ ಮೂಲಕ ರಾಯಚೂರಿಗೆ ಗಾಡಿ ಓಡತೊಡಗಿತು. ಮುನಿರಾಬಾದು–ಮಹಬೂಬನಗರ ಯೋಜನೆಯ ಭಾಗವಾದ ಇದು ಮಂಜೂರಾದದ್ದು 1997-98ರಲ್ಲಿ. ಈಗ ರಾಯಚೂರು, ಗದ್ವಾಲ, ದೇವರಕದ್ರ, ಮಕ್ತಲ, ಕೃಷ್ಣಾ, ಮರಳಿ ರಾಯಚೂರು: ಹೊಳೆಯ ಎರಡೂ ದಡಗಳನ್ನು ಬಳಸಿ ಹಳಿಯ ಉಂಗುರವೊಂದು ಕೂಡಿಕೊಂಡಿದೆ.

ಉಂಗುರವೇನೋ ಕೂಡಿತು, ಅದನ್ನು ತೊಡುವವರಾರು? ಇದನ್ನು ಯೋಚಿಸುವಾಗ ಜಪಾನಿನ ಒಂದು ಚಿಕ್ಕ ಮಾರ್ಗದ ಸಂಗತಿ ನಮ್ಮ ಮನಸ್ಸಿಗೆ ಬರುತ್ತದೆ. ಆ ದೇಶದ ಈಶಾನ್ಯ ಕರಾವಳಿಯಲ್ಲಿ ಮಿಯಾಕೊ ಮತ್ತು ಕುಜಿ ಎಂಬ ಎರಡು ಕಡಲಪಟ್ಟಣಗಳಿವೆ. ಅವುಗಳ ನಡುವಣ ಮಾರ್ಗ 71 ಕಿಲೋಮೀಟರು, ಹೆಚ್ಚುಕಡಿಮೆ ನಮ್ಮದರಷ್ಟೇ. ನಷ್ಟದ ಚಿಕ್ಕ ಮಾರ್ಗಗಳು ತನಗೆ ಬೇಡವೆಂದು ಅಲ್ಲಿಯ ರಾಷ್ಟ್ರೀಯ ರೈಲ್ವೆ ಕೈಬಿಟ್ಟಾಗ, ಇವಾತೆ ಪ್ರಾಂತದ ಸರಕಾರವೂ ದಾರಿಯುದ್ದದ ಊರುಗಳೂ ಖಾಸಗಿಯವರೊಡನೆ ಪಾಲು ಹಾಕಿ ಸನ್ರಿಕು ರೈಲ್ವೆ ಎಂಬ ಕಂಪನಿಯನ್ನು ಕಟ್ಟಿ 1984ರ ಏಪ್ರಿಲ್ 1ರಿಂದ ಗಾಡಿ ಓಡಿಸಿದರು. 2011ರ ಮಾರ್ಚ್ 11ರಂದು ಸುನಾಮಿ ಬಂದು ಹಳಿ, ಸೇತುವೆ, ನಿಲ್ದಾಣಗಳನ್ನು ಕೊಚ್ಚಿಕೊಂಡು ಹೋಯಿತು. ಉಳಿದಿದ್ದ ಒಂದು ತುಂಡಿನ ಮೇಲೆ ಐದೇ ದಿನಗಳಲ್ಲಿ ಅವರು ಮತ್ತೆ ಗಾಡಿ ಬಿಟ್ಟರು, ಟಿಕೇಟಿನ ಹಣವನ್ನೂ ಕೇಳಲಿಲ್ಲ. ಇಡೀ ಮಾರ್ಗ ಸರಿಹೋದದ್ದು 2014ರಲ್ಲಿ. ಬೇರೆ ಕಂಪನಿಯ ಕೈಯಲ್ಲಿ ಮುರಿದುಬಿದ್ದಿದ್ದ ನಡುವಣ ತುಂಡನ್ನೂ 2019ರಲ್ಲಿ ತಾವೇ ವಹಿಸಿಕೊಂಡು 163 ಕಿಲೋಮೀಟರುಗಳ ಅಖಂಡ ಮಾರ್ಗವಾಗಿ ಮಾಡಿಕೊಂಡರು. ಅದೇ ವರ್ಷ ಚಂಡಮಾರುತ ಬಂದು ಮತ್ತೆ ಕೆಡಿಸಿತು. 2020ರ ಮಾರ್ಚಿನಲ್ಲಿ ಮತ್ತೆ ಓಡಿಸಿದರು. ಲಾಭಕ್ಕಾಗಿ ಯಾರೂ ಹೀಗೆ ಮಾಡುವುದಿಲ್ಲ. ಆ ಗಾಡಿಯಲ್ಲಿ ಬೆಳಗ್ಗೆ ಪ್ರೌಢಶಾಲೆಯ ಮಕ್ಕಳು, ಆಮೇಲೆ ದವಾಖಾನೆಗೆ ಹೋಗುವ ಮುದುಕರು. ಅವರಿಗೆ ಅದು ಬೇಕಾಗಿತ್ತು, ಅಷ್ಟೇ.

ನಮ್ಮಲ್ಲಿ ರೈಲು ಎಂದೊಡನೆ ತಿರುಪತಿಯ ಮಾತು, ಹೈದರಾಬಾದಿನ ಮಾತು. ದೂರದ ಗಾಡಿಗಾಗಿ ಮನವಿ ಕೊಡುವ ಮುಖಂಡರು ಬೆಳಗಿನ ಪ್ಯಾಸೆಂಜರಿನ ವೇಳೆಯನ್ನು ಕೇಳುವುದಿಲ್ಲ. ಹಳ್ಳಿಯ ಮುಖ್ಯೋಪಾಧ್ಯಾಯರಾಗಿ ನಾವು ಬಲ್ಲ ಕಷ್ಟ ಬೇರೆ. ಗಡಿಯೂರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗಿಗೆ ಕನ್ನಡದಲ್ಲಿಯೇ ಮುಂದೆ ಓದಬೇಕಾದರೆ ರಾಯಚೂರೇ ಹತ್ತಿರದ ಆಸರೆ. ತಂದೆಯಾದವನು ನಮ್ಮನ್ನು ಯಾವ ವಿಷಯ ತೆಗೆದುಕೊಳ್ಳಬೇಕೆಂದು ಕೇಳುವುದಿಲ್ಲ. "ದೀಪ ಹಚ್ಚೋ ಹೊತ್ತಿಗೆ ಹುಡುಗಿ ಮನೀಗಿ ಬರ್ತಾಳೇನ್ರಿ ಮಾಸ್ತರ್ರೇ?" ಎಂದು ಕೇಳುತ್ತಾನೆ. ಇದಕ್ಕೆ ಉತ್ತರ ಹೇಳಬೇಕಾದದ್ದು ವೇಳಾಪಟ್ಟಿ, ಮಾಸ್ತರರಲ್ಲ. ಉತ್ತರ ಸಿಗದಿದ್ದರೆ ಮರುವರ್ಷ ಲಗ್ನಪತ್ರಿಕೆ ಬರುತ್ತದೆ.

ಬಸ್ಸು ಇದೆಯಲ್ಲ ಎನ್ನುವವರಿದ್ದಾರೆ. ಐಜದವರಿಗೆ ಗದ್ವಾಲವೇ ಸುಮಾರು 30 ಕಿಲೋಮೀಟರ್ ದೂರವಾದ್ದರಿಂದ ಆ ಮಾತನ್ನು ತೆಗೆದುಹಾಕುವಂತೆಯೂ ಇಲ್ಲ. ಆದರೆ 2023ರಲ್ಲಿ ಎರಡೂ ಸರಕಾರಗಳು ಮಹಿಳೆಯರಿಗೆ ಕೊಟ್ಟ ಉಚಿತ ಬಸ್ ಪ್ರಯಾಣವನ್ನು ಗಮನಿಸಿರಿ: ತೆಲಂಗಾಣದ್ದು ಗಡಿಯವರೆಗೆ ಮಾತ್ರ, ಕರ್ನಾಟಕದ್ದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಗಡಿನಾಡಿನ ಹುಡುಗಿ ಎರಡರ ನಡುವೆ ಇಳಿದುಬಿಡುತ್ತಾಳೆ. ರೈಲ್ವೆಗೆ ಈ ಗಡಿ ಇಲ್ಲ. ಮನೆಯಿಂದ ವಿದ್ಯಾಸಂಸ್ಥೆಗೆ ಹೋಗಿಬರುವ ಹುಡುಗಿಯರಿಗೆ ಪದವಿಯವರೆಗೂ ಹುಡುಗರಿಗೆ 12ನೆಯ ತರಗತಿಯವರೆಗೂ ಎರಡನೆಯ ದರ್ಜೆಯ ಮಾಸಿಕ ಪಾಸನ್ನು ಉಚಿತವಾಗಿ ಕೊಡುವುದೆಂದು 2008ರ ರೈಲ್ವೆ ಮುಂಗಡಪತ್ರದಲ್ಲಿ ಘೋಷಿಸಲಾಯಿತು. ಕಾಲೇಜಿನ ಪ್ರಮಾಣಪತ್ರದೊಡನೆ ಟಿಕೇಟು ಕಿಟಕಿಯಲ್ಲಿ ವಿಚಾರಿಸಬೇಕು. ನಮ್ಮ ಎಷ್ಟೋ ಮನೆಗಳಿಗೆ ಈ ಸಂಗತಿಯೇ ತಿಳಿದಿಲ್ಲ.

ಬೆಳಗ್ಗೆ ತರಗತಿಯ ಹೊತ್ತಿಗೆ ರಾಯಚೂರಿಗೆ ಮುಟ್ಟಿಸಿ ಸಂಜೆ ಮರಳಿ ತರುವ ಗಾಡಿ ಎರಡೂ ದಡಗಳಲ್ಲಿ ನಿಶ್ಚಿತವಾಗಿರಬೇಕೆಂದು ಒಂದು ಮನವಿಯನ್ನು ಸಿದ್ಧಪಡಿಸುವ ವಿಚಾರ ನಮಗಿದೆ. ಬರಿಯ ಸಹಿಗಳನ್ನು ಕಚೇರಿಯವರು ಕಟ್ಟಿಡುತ್ತಾರೆ, ಅಂಕಿಗಳನ್ನಾದರೂ ಒಮ್ಮೆ ಓದುತ್ತಾರೆ. ಆದುದರಿಂದ ಐಜ, ಗದ್ವಾಲ, ಮಕ್ತಲ, ಕೃಷ್ಣಾ, ನಾರಾಯಣಪೇಟ ಸೀಮೆಗಳ ವಾಚಕರು ತಮ್ಮ ಊರಿನಿಂದ ರಾಯಚೂರಿಗೆ ಓದಲು ಹೋಗುವವರು ಎಷ್ಟು ಮಂದಿ, ಮನೆಯಲ್ಲಿಯೇ ಉಳಿದವರು ಎಷ್ಟು ಮಂದಿ, ಹತ್ತಿರದ ನಿಲ್ದಾಣ ಯಾವುದು, ತರಗತಿ ಬಿಡುವ ವೇಳೆ ಯಾವುದು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕಾಗಿ ವಿನಂತಿ. ಹೆಣ್ಣುಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು.