ನೀರಿನ ವರದಿ ಮನೆಗೂ ಬರಲಿ
ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 4,000ಕ್ಕೂ ಹೆಚ್ಚು ಕಡೆ ನದಿ, ಕೆರೆ, ಅಂತರ್ಜಲದ ಗುಣಮಟ್ಟ ನೋಡುತ್ತದೆ. 2019ರಲ್ಲಿ ಶುರುವಾದ ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು. ವ್ಯವಸ್ಥೆ ಒಳ್ಳೆಯದೇ. ಆದರೆ ಎಷ್ಟು ಸ್ಯಾಂಪಲ್ ತೆಗೆದರು ಅನ್ನೋ ಲೆಕ್ಕ ಮಾತ್ರ ಸಾಲದು. ಕೆಟ್ಟ ವರದಿ ಬಂದರೆ ಆ ಮನೆಗೆ ತಿಳಿಸಿದರಾ, ಮರುಪರೀಕ್ಷೆ ಆಯಿತಾ? ಅಳೆಯಬೇಕಾದ್ದು ಅದನ್ನು.

ಈ ಲೆಕ್ಕದಲ್ಲಿ ಸುಲಭವಾಗಿ ಬಿಟ್ಟುಹೋಗೋದು ನಮ್ಮ ಕರಾವಳಿಯ ಮನೆಬಾವಿ. ಮಳೆಗಾಲದಲ್ಲಿ ನೀರಿನ ಮಟ್ಟ ಏರಿದಾಗ ಹತ್ತಿರದ ಶೌಚಗುಂಡಿಯ ಕೊಳೆ ಮುರಕಲ್ಲಿನ ಸಂದಿನಿಂದ ಬಾವಿಗೆ ಸೇರಬಹುದು. ಕಣ್ಣಿಗೆ ನೀರು ತಿಳಿಯಾಗಿಯೇ ಕಾಣುತ್ತದೆ. ಭಾರತೀಯ ಮಾನದಂಡದ ಪ್ರಕಾರ 100 ಮಿ.ಲೀ. ಕುಡಿಯುವ ನೀರಿನಲ್ಲಿ ಇ-ಕೋಲಿ ಒಂದೂ ಇರಬಾರದು.

ಕಿಟ್ ಯಾರ ಹತ್ತಿರ ಇದೆ ಅಂತ ಪಂಚಾಯತ್‌ನಲ್ಲಿ ಕೇಳಿ. ಗ್ರಾಮಸಭೆಯಲ್ಲಿ ವರದಿ ಓದಿಸಿ. ಅಲ್ಲಿಯ ತನಕ ಮಕ್ಕಳಿಗೆ ಕುದಿಸಿದ ನೀರನ್ನೇ ಕೊಡಿ.